ಕೃಷಿ ಮೇಳದ ಮಳಿಗೆ ಮತ್ತು ಲೆಕ್ಕದ ಪುಸ್ತಕ

ಧಾರವಾಡದ ಕೃಷಿ ವಿಶ್ವವಿದ್ಯಾಲಯವು 1986ರಲ್ಲಿ ಸ್ಥಾಪನೆಯಾಯಿತು. ಅದರ ಆವರಣದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲಿ ಜರುಗುವ ಕೃಷಿ ಮೇಳವು ಉತ್ತರ ಕರ್ನಾಟಕದ ರೈತರಿಗೆ ಎಷ್ಟು ಮುಖ್ಯವೋ, ಕೃಷಿ ಉಪಕರಣಗಳ ತಯಾರಕರಿಗೂ ವರ್ತಕರಿಗೂ ಅಷ್ಟೇ ಮುಖ್ಯವಾದುದು. ಬಿಳಿಜೋಳ, ಕಡಲೆ, ಕುಸುಬೆಗಳ ಹಿಂಗಾರಿ ಬಿತ್ತನೆ ಎದುರಿಗಿರುವ ಕಾಲವದು. ಬೀಜ ಕೊಳ್ಳಲು ಬಂದ ರೈತನು ಕೂರಿಗೆ, ಸಿಂಪರಣಾ ಯಂತ್ರಗಳ ಬೆಲೆಯನ್ನೂ ವಿಚಾರಿಸುತ್ತಾನೆ.

ಮಳಿಗೆಯ ಮುಂದೆ ಜನ ನೆರೆದಾಕ್ಷಣ ಲಾಭವಾಯಿತೆಂದು ಭಾವಿಸುವಂತಿಲ್ಲ. ಬಾಡಿಗೆ, ಸಾಗಾಣಿಕೆ, ಕೆಲಸಗಾರರ ಭತ್ಯೆ ಹಾಗೂ ಮೇಳದ ರಿಯಾಯಿತಿಗಳನ್ನು ಕಳೆದ ಮೇಲೆ ಉಳಿಯುವುದೆಷ್ಟು ಎಂಬುದನ್ನು ಬೆಲೆಪಟ್ಟಿ ಅಚ್ಚಾಗುವ ಮುನ್ನವೇ ಲೆಕ್ಕ ಹಾಕಬೇಕು. ತೆರಿಗೆಯ ದರ ಬದಲಾದ ಮೇಲಂತೂ ಇದು ಅನಿವಾರ್ಯ.

2025ರ ಸೆಪ್ಟೆಂಬರ್ 22ರಿಂದ ಬಿತ್ತುವ, ಕೊಯ್ಯುವ, ಒಕ್ಕುವ ಯಂತ್ರಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ರೈತರಿಗೆ ಇದು ಸಂತಸದ ಸಂಗತಿ. ಆದರೆ ತಯಾರಕರು ಕೊಳ್ಳುವ ಉಕ್ಕಿನ ಮೇಲಿನ ದರ ಶೇಕಡಾ 18. ಉದಾಹರಣೆಗೆ, 70,000 ರೂಪಾಯಿಯ ಕಚ್ಚಾವಸ್ತುವಿಗೆ 12,600 ರೂಪಾಯಿ ತೆರಿಗೆ ತೆತ್ತು, ತಯಾರಾದ ಯಂತ್ರವನ್ನು ಒಂದು ಲಕ್ಷ ರೂಪಾಯಿಗೆ ಮಾರಿದರೆ, ಗ್ರಾಹಕರಿಂದ ಬರುವ ತೆರಿಗೆ 5,000 ರೂಪಾಯಿ ಮಾತ್ರ. ಉಳಿದ 7,600 ರೂಪಾಯಿ ಕ್ರೆಡಿಟ್ ರೂಪದಲ್ಲಿ ನಿಂತುಬಿಡುತ್ತದೆ. ಇದರ ಮರುಪಾವತಿಗೆ ಕಾಯಿದೆಯ 54(3)ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಮಳಿಗೆ ಬಾಡಿಗೆಯಂಥ ಸೇವೆಗಳ ಮೇಲೆ ತೆತ್ತ ತೆರಿಗೆಯನ್ನು ಈ ಮಾರ್ಗದಲ್ಲಿ ಹಿಂಪಡೆಯಲಾಗದು. ಮರುಪಾವತಿ ಕೈಸೇರುವವರೆಗೆ ಬ್ಯಾಂಕಿನ ಬಡ್ಡಿ ನಡೆಯುತ್ತಲೇ ಇರುತ್ತದೆ. ರಿಯಾಯಿತಿ ಘೋಷಿಸುವವರು ಈ ಬಡ್ಡಿಯನ್ನೂ ವೆಚ್ಚದಲ್ಲಿ ಸೇರಿಸಿಕೊಳ್ಳಬೇಕು.

ಸಲಿಕೆ, ಗುದ್ದಲಿಗಳಂಥ ಕೈ ಉಪಕರಣಗಳಿಗೆ ತೆರಿಗೆಯೇ ಇಲ್ಲ. ಆದ್ದರಿಂದ ಅವುಗಳ ತಯಾರಿಕೆಗೆ ಸಂಬಂಧಿಸಿದ ಕ್ರೆಡಿಟ್ ಕೂಡ ಲಭ್ಯವಿಲ್ಲ. ಎರಡೂ ಬಗೆಯ ಸರಕನ್ನು ಒಂದೇ ಮಳಿಗೆಯಲ್ಲಿ ಮಾರುವವರು ಲೆಕ್ಕವನ್ನು ಪ್ರತ್ಯೇಕವಾಗಿಡತಕ್ಕದ್ದು.

ದಾಖಲೆಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಮೇಳಕ್ಕೆ ಒಯ್ಯುವ ಯಂತ್ರಗಳೆಲ್ಲ ಮಾರಾಟವಾಗುವುದಿಲ್ಲ. ಹಾಗಾಗಿ ಅವುಗಳನ್ನು ಡೆಲಿವರಿ ಚಲನ್ ಮೇಲೆ ಸಾಗಿಸಿ, ಮಾರಾಟವಾದಾಗ ಇನ್‌ವಾಯ್ಸ್ ನೀಡಬಹುದು. ತೆರಿಗೆಯುಳ್ಳ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಮಾರಾಟವಾಗದೆ ಮರಳುವ ಸರಕಿಗೂ ದಾಖಲೆ ಇರಲಿ. ಮುಂಗಡ ಪಡೆದು ಬುಕಿಂಗ್ ಮಾಡಿಕೊಂಡಲ್ಲಿ ರಸೀದಿ ಕೊಡಬೇಕು. ರಾಜಿ ತೆರಿಗೆ ಯೋಜನೆಯಲ್ಲಿಲ್ಲದವರು ಸರಕಿನ ಮುಂಗಡದ ಮೇಲೆ ಆಗಲೇ ತೆರಿಗೆ ಕಟ್ಟಬೇಕಿಲ್ಲ. 2017ರ ನವೆಂಬರ್ 15ರಿಂದ ಈ ವಿನಾಯಿತಿ ಜಾರಿಯಲ್ಲಿದೆ.

ಮೇಳದ ಖರ್ಚನ್ನು ಸಾಮಾನ್ಯ ಜಾಹೀರಾತು ಖಾತೆಯಲ್ಲಿ ಬೆರೆಸದೆ ಪ್ರತ್ಯೇಕ ಖಾತೆ ತೆರೆಯುವುದು ಉತ್ತಮ. ವಿಚಾರಿಸಿದ ರೈತರ ಊರು, ಬೆಳೆ, ಕೇಳಿದ ಯಂತ್ರ ಇವುಗಳನ್ನು ಒಂದು ವಹಿಯಲ್ಲಿ ಬರೆದಿಡಿ. ಹಿಂಗಾರಿ ಬಿತ್ತನೆ ಮುಗಿದ ಮೇಲೆ, ಅವರಲ್ಲಿ ಎಷ್ಟು ಜನ ಖರೀದಿಸಿದರು ಎಂಬುದನ್ನು ಖಾತೆಯ ಖರ್ಚಿನೊಡನೆ ತಾಳೆ ನೋಡಿದರೆ, ಮುಂದಿನ ವರ್ಷ ಮಳಿಗೆ ಹಿಡಿಯಬೇಕೋ ಬೇಡವೋ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯುತ್ತದೆ.