ಕೊನೆಯ ಕಂಬದ ಕಿಡಿ

ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾ ಸೀಮೆಯಲ್ಲಿ ಮನೆಗಳು ತೋಟದ ತಲೆಯಲ್ಲೊಂದು, ಸೊಪ್ಪಿನ ಬೆಟ್ಟದ ಅಂಚಿನಲ್ಲೊಂದು ಎಂಬಂತೆ ಚದುರಿಕೊಂಡಿರುವುದರಿಂದ, ಅವುಗಳಿಗೆ ಕರೆಂಟು ಒಯ್ಯುವ ತಂತಿಯೂ ಮರಗಳ ನಡುವೆ ಕಂಬದಿಂದ ಕಂಬಕ್ಕೆ ಬಹುದೂರ ಸಾಗಬೇಕಾಗುತ್ತದೆ. ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ಸೀಮೆಯ ಸ್ಥಿತಿಯೂ ಇದೇ. ಅಡಿಕೆ ದಬ್ಬೆ, ಬಿದಿರುಗಳಿಂದ ಆಗುತ್ತಿದ್ದ ಚಪ್ಪರ, ದಣಪೆಗಳ ಜಾಗಕ್ಕೆ ಜಿ.ಐ. ಪೈಪು, ಆ್ಯಂಗಲ್, ತಗಡುಗಳು ಬಂದ ಮೇಲೆ ಇಲ್ಲಿ ವೆಲ್ಡಿಂಗ್ ಇಲ್ಲದೆ ಕೃಷಿಯ ಕೆಲಸ ಸಾಗದಂತಾಗಿದೆ. ಅಡಿಕೆ ಒಣಗಿಸುವ ಅಂಗಳದ ಮಾಡು, ಕೊಟ್ಟಿಗೆಯ ಕಂಬ, ಹಳ್ಳಕ್ಕೆ ಹಾಕುವ ಕಾಲುಸಂಕ ಇವನ್ನೆಲ್ಲ ಪೇಟೆಯ ವರ್ಕ್‌ಶಾಪಿಗೆ ಹೊತ್ತೊಯ್ದು ಬೆಸೆಸಿಕೊಂಡು ಬರಲಾಗದು. ವೆಲ್ಡಿಂಗ್ ಸೆಟ್ಟೇ ಅವು ಇದ್ದಲ್ಲಿಗೆ ಬರಬೇಕು. ಹೀಗಾಗಿ ಯಂತ್ರದ ತೂಕ ಎಷ್ಟು, ಅದು ಕಂಬದಿಂದ ಎಳೆಯುವ ಕರೆಂಟು ಎಷ್ಟು, ತಂತಿಯ ತುದಿಯಲ್ಲಿ ವೋಲ್ಟೇಜು ಕುಸಿದಾಗಲೂ ಕಿಡಿ ಹಿಡಿಯುತ್ತದೆಯೇ ಎಂಬ ಮೂರು ಪ್ರಶ್ನೆಗಳು ಪಟ್ಟಣದ ಕಾರ್ಖಾನೆಗಿಂತ ಇಲ್ಲಿ ಹೆಚ್ಚು ತೂಕದವು. ಲೈನಿನ ಕರೆಂಟನ್ನು ಬೆಸುಗೆಗೆ ಒಗ್ಗುವಂತೆ ಬದಲಿಸಿಕೊಡುವ ಪೆಟ್ಟಿಗೆಯನ್ನು ವಿದ್ಯುತ್ ಮೂಲ ಎನ್ನುತ್ತಾರೆ. ಅದರ ಬೆಳವಣಿಗೆಯ ಕಥೆಯೂ ಬಹುಮಟ್ಟಿಗೆ ಈ ಮೂರು ಪ್ರಶ್ನೆಗಳ ಕಥೆಯೇ.

ವೆಲ್ಡಿಂಗಿನ ಬೆಂಕಿ ಎಂದರೆ ವಿದ್ಯುತ್ ಚಾಪ, ಅಂಗಡಿಯ ಮಾತಿನಲ್ಲಿ ಆರ್ಕ್. ಎರಡು ಲೋಹದ ತುದಿಗಳ ನಡುವಿನ ಗಾಳಿಯು ಅತಿಯಾಗಿ ಕಾದು, ಅದರ ಕಣಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು, ಗಾಳಿಯೇ ತಂತಿಯಂತೆ ಕರೆಂಟು ಹರಿಸತೊಡಗಿದ ಸ್ಥಿತಿ ಅದು. ಇಂಥ ಸ್ಥಿತಿಯ ಅನಿಲಕ್ಕೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1928ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟನು. ಈ ಲೆಕ್ಕದಲ್ಲಿ ಗೇಟು ಬೆಸೆಯುವ ಸಾಮಾನ್ಯ ವೆಲ್ಡಿಂಗ್ ರಾಡಿನ ತುದಿಯಲ್ಲಿರುವುದೂ ಪ್ಲಾಸ್ಮಾವೇ. ಪ್ಲಾಸ್ಮಾ ಕಟಿಂಗ್ ಎಂದು ಬೇರೆಯಾಗಿ ಕರೆಯುವುದು ಅದನ್ನು ಹಿಂಡಿ ಹರಿತಗೊಳಿಸಿದ ರೂಪವನ್ನು.

ಚಾಪವು ವಿದ್ಯುತ್ ಮೂಲದ ಮುಂದಿಡುವ ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾದವು. ಹುಟ್ಟುವಾಗ ಅದಕ್ಕೆ ಬೇಕಾದುದು ಹೆಚ್ಚಿನ ವೋಲ್ಟೇಜು: ಒಣ ಗಾಳಿಯ 1 ಮಿಲಿಮೀಟರ್ ಅಂತರವನ್ನು ಕಿಡಿಯೊಂದು ಜಿಗಿಯಲು ಸುಮಾರು 3000 ವೋಲ್ಟ್ ಬೇಕು, ಅಂತರವನ್ನು ಎಷ್ಟೇ ಕಿರಿದು ಮಾಡಿದರೂ ಸುಮಾರು 330 ವೋಲ್ಟಿಗಿಂತ ಕೆಳಗೆ ತಣ್ಣಗಿನ ಗಾಳಿ ಮುರಿಯದು. ಹುಟ್ಟಿದ ಮೇಲಾದರೋ 20ರಿಂದ 30 ವೋಲ್ಟ್ ಸಾಕು, ಆದರೆ ಕರೆಂಟು 100 ಆಂಪಿಯರ್ ಮಟ್ಟದಲ್ಲಿ ಹರಿಯುತ್ತಿರಬೇಕು. ಸಾವಿರಾರು ವೋಲ್ಟನ್ನು ಕೆಲಸಗಾರನ ಕೈಗೆ ಕೊಡುವಂತಿಲ್ಲವಾದ್ದರಿಂದ ಮೊದಲಿನಿಂದ ಬಂದ ಉಪಾಯ ರಾಡನ್ನು ಕಬ್ಬಿಣಕ್ಕೆ ಗೀರಿ ಎತ್ತುವುದು. ತಾಗಿದ ಬಿಂದುವಿನಲ್ಲಿ ಕರೆಂಟು ಇಕ್ಕಟ್ಟಾಗಿ ಹರಿದು ತುದಿ ಕೆಂಪಗೆ ಕಾಯುತ್ತದೆ, ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಚೆಲ್ಲುತ್ತವೆ, ಒಂದಿಷ್ಟು ಲೋಹ ಆವಿಯಾಗುತ್ತದೆ. ರಾಡನ್ನು ಎರಡು ಮೂರು ಮಿಲಿಮೀಟರ್ ಎತ್ತಿದಾಗ ಆ ಬಿಸಿ ಆವಿಯ ಮೂಲಕವೇ ಚಾಪ ಹಿಡಿದುಕೊಳ್ಳುತ್ತದೆ. ಎತ್ತುವುದು ತಡವಾದರೆ ರಾಡು ಅಲ್ಲೇ ಅಂಟಿಕೊಳ್ಳುತ್ತದೆ, ಅವಸರವಾದರೆ ಚಾಪ ನಂದುತ್ತದೆ. ಹೊಸಬರು ಮೊದಲು ಪಳಗಿಸಿಕೊಳ್ಳಬೇಕಾದುದು ಈ ಕೈಚಳಕವನ್ನೇ.

ಹಿಡಿದ ಚಾಪದ ಸ್ವಭಾವವೂ ಸರಳವಲ್ಲ. ಸಾಮಾನ್ಯ ತಂತಿಯಲ್ಲಿ ಕರೆಂಟು ಹೆಚ್ಚಿಸಬೇಕಾದರೆ ವೋಲ್ಟೇಜು ಹೆಚ್ಚಿಸಬೇಕು. ಚಾಪದಲ್ಲಿ ಕರೆಂಟು ಹೆಚ್ಚಿದಷ್ಟೂ ಗಾಳಿ ಇನ್ನಷ್ಟು ಕಾದು ಅಡ್ಡಿ ಕುಗ್ಗುತ್ತದೆ, ಅಡ್ಡಿ ಕುಗ್ಗಿದಷ್ಟೂ ಕರೆಂಟು ಏರುತ್ತದೆ. ಬೀದಿದೀಪಗಳಲ್ಲಿ ಇಂಗಾಲದ ಕಡ್ಡಿಗಳ ಚಾಪ ಉರಿಯುತ್ತಿದ್ದ ಕಾಲದಲ್ಲಿ ಈ ವಿಚಿತ್ರ ಸಂಬಂಧವನ್ನು ಕ್ರಮವಾಗಿ ಅಳೆದು, 1902ರಲ್ಲಿ ಗ್ರಂಥವಾಗಿ ಪ್ರಕಟಿಸಿದವರು ಇಂಗ್ಲೆಂಡಿನ ಹರ್ಥಾ ಏರ್ಟನ್. ಹದ್ದು ಮೀರುವ ಈ ಕರೆಂಟಿಗೆ ಮೂಗುದಾರ ಹಾಕಬೇಕಾದುದು ವಿದ್ಯುತ್ ಮೂಲದ ಹೊಣೆ. ಕರೆಂಟು ಏರಿದಂತೆ ತನ್ನ ವೋಲ್ಟೇಜನ್ನು ತಾನೇ ಇಳಿಸಿಕೊಳ್ಳುವಂತೆ ಯಂತ್ರವನ್ನು ರಚಿಸಿದರೆ, ಕೈ ನಡುಗಿ ಚಾಪದ ಉದ್ದ ಹೆಚ್ಚುಕಡಿಮೆಯಾದರೂ ಕರೆಂಟು ಹೆಚ್ಚು ಕದಲದು. ಟ್ಯೂಬ್‌ಲೈಟಿನ ಹಳೆಯ ಚೋಕ್ ಮಾಡುತ್ತಿದ್ದುದೂ ಇದೇ ಕೆಲಸವನ್ನು.

ಹಿಡಿಕೆ ತಿರುಗಿಸಿ ಆಂಪಿಯರ್ ಹೊಂದಿಸುವ, ಎಣ್ಣೆ ತುಂಬಿದ, ಗಾಲಿಗಳ ಮೇಲೆ ನಿಂತ ಹಳೆಯ ವೆಲ್ಡಿಂಗ್ ಸೆಟ್ಟು ವಾಸ್ತವದಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಮತ್ತು ಒಂದು ಚೋಕಿನ ಕೂಡಿಕೆ. ಲೈನಿನ 415 ವೋಲ್ಟನ್ನು ಅದು 80 ವೋಲ್ಟಿಗೆ ಇಳಿಸುತ್ತದೆ. ರಾಡು ಇನ್ನೂ ತಾಗದಿರುವಾಗ ಹೋಲ್ಡರಿನಲ್ಲಿರುವ ಈ ವೋಲ್ಟೇಜಿಗೆ ತೆರೆದ ಮಂಡಲದ ವೋಲ್ಟೇಜು ಎಂದು ಹೆಸರು. ಇದರಿಂದ ಬರುವುದು ಎ.ಸಿ. ಕರೆಂಟು. ಸೆಕೆಂಡಿಗೆ 50 ಆವರ್ತನಗಳ ಈ ಕರೆಂಟು 100 ಬಾರಿ ಸೊನ್ನೆಗಿಳಿಯುವುದರಿಂದ, ಚಾಪವೂ ಸೆಕೆಂಡಿಗೆ 100 ಬಾರಿ ಸತ್ತು ಹುಟ್ಟಬೇಕು. ಚೋಕಿನ ದೆಸೆಯಿಂದ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಕರೆಂಟು ಸೊನ್ನೆಯಾಗುವ ಗಳಿಗೆಯಲ್ಲಿ ವೋಲ್ಟೇಜು ತನ್ನ ಶಿಖರದ ಸಮೀಪದಲ್ಲಿದ್ದು, ನಂದಿದ ಚಾಪವನ್ನು ಕೂಡಲೇ ಹೊತ್ತಿಸುತ್ತದೆ. ವಿದ್ಯುತ್ ಕಂಪನಿಗಳು ಪವರ್ ಫ್ಯಾಕ್ಟರ್ ಕೆಟ್ಟದ್ದೆಂದು ದೂರುವ ಈ ಹಿಂಬೀಳುವಿಕೆಯೇ ಚಾಪದ ಪ್ರಾಣವೆಂಬುದನ್ನು ಯಂತ್ರವನ್ನು ಬೈಯುವಾಗ ನೆನಪಿಡುವುದು ನ್ಯಾಯ. ರಾಡಿನ ಲೇಪನವೂ ಇಲ್ಲಿ ನೆರವಿಗೆ ಬರುತ್ತದೆ. ಹೆಚ್ಚಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ 6013 ದರ್ಜೆಯ ರಾಡಿನ ಲೇಪನದಲ್ಲಿ ಪೊಟ್ಯಾಸಿಯಂ ಸಂಯುಕ್ತಗಳಿರುತ್ತವೆ. ಪೊಟ್ಯಾಸಿಯಂ ತನ್ನ ಎಲೆಕ್ಟ್ರಾನನ್ನು ಗಾಳಿಯ ಸಾರಜನಕಕ್ಕಿಂತ ಮೂರನೆಯ ಒಂದು ಭಾಗದಷ್ಟು ಶಕ್ತಿಗೇ ಬಿಟ್ಟುಕೊಡುವುದರಿಂದ, ಎ.ಸಿ.ಯಲ್ಲಿ ಚಾಪ ಮರುಹುಟ್ಟು ಪಡೆಯುವುದು ಸುಲಭವಾಗುತ್ತದೆ.

ಈ ಜಾಣ್ಮೆಗೆ ಕಂಬದ ಕಡೆಯಲ್ಲಿ ತೆರಬೇಕಾದ ಬೆಲೆ ದೊಡ್ಡದು. 100 ಆಂಪಿಯರಿನ ಬೆಸುಗೆಯಲ್ಲಿ ಚಾಪದ ವೋಲ್ಟೇಜು ಸುಮಾರು 24, ಎಂದರೆ ಕೆಲಸಕ್ಕೆ ಒದಗುವ ಶಕ್ತಿ 2.4 ಕಿಲೋವ್ಯಾಟ್. ಆದರೆ ಯಂತ್ರವು ಲೈನಿನಿಂದ ಎಳೆಯುವುದು 80 ವೋಲ್ಟಿನ ಲೆಕ್ಕದಲ್ಲಿ 8 ಕೆ.ವಿ.ಎ.; 415 ವೋಲ್ಟಿನ ಎರಡು ಫೇಸುಗಳ ಮೇಲೆ ಅದು 19 ಆಂಪಿಯರಿಗಿಂತ ತುಸು ಹೆಚ್ಚು. ಹಳ್ಳಿಗಳಲ್ಲಿ ಕಂಬದ ಮೇಲೆ ಕೂರಿಸುವ 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಪ್ರತಿ ಫೇಸಿಗೆ ಕೊಡಬಲ್ಲುದು ಸುಮಾರು 33 ಆಂಪಿಯರ್ ಮಾತ್ರ. ಒಂದೇ ವೆಲ್ಡಿಂಗ್ ಸೆಟ್ಟು ಅದರ ಎರಡು ಫೇಸುಗಳ ಅರ್ಧಕ್ಕಿಂತ ಹೆಚ್ಚಿನ ಬಲವನ್ನು ನುಂಗಿಹಾಕಿದರೆ, ರಾಡು ತಾಗಿದಾಗಲೆಲ್ಲ ನೆರೆಮನೆಯ ಬಲ್ಬು ಮಂಕಾಗುವುದರಲ್ಲಿ ಆಶ್ಚರ್ಯವಿಲ್ಲ. ಉತ್ತರ ಕನ್ನಡಕ್ಕೆ ವಿದ್ಯುತ್ ಹಂಚುವ ಕಂಪನಿ ಹೆಸ್ಕಾಂ. ಲೈನು ಯಾರದೇ ಆಗಿರಲಿ, ಉದ್ದದ ತಂತಿಯ ಅಡ್ಡಿಯು ವೋಲ್ಟೇಜನ್ನು ಕುಗ್ಗಿಸದೆ ಬಿಡದು. ಮೇಲಾಗಿ ಮನೆಗಳಿಗೆ ಬರುವುದು ಸಾಮಾನ್ಯವಾಗಿ ಸಿಂಗಲ್ ಫೇಸ್. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಗೊತ್ತುಪಡಿಸಿದ ತಾಸುಗಳಿಗೆ ಸೀಮಿತ, ಅದನ್ನು ವೆಲ್ಡಿಂಗಿಗೆ ತಿರುಗಿಸುವುದಕ್ಕೆ ಅನುಮತಿಯೂ ಇಲ್ಲ. ನೂರು ಕಿಲೋಗ್ರಾಂ ದಾಟುವ ಈ ಸೆಟ್ಟನ್ನು ತೋಟದ ಏರುದಾರಿಯಲ್ಲಿ ಸಾಗಿಸುವ ಕಷ್ಟ ಬೇರೆ.

ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ಇನ್ವರ್ಟರ್ ಸೆಟ್ಟು ಬಂದುದು ಈ ಎರಡೂ ಕಷ್ಟಗಳಿಗೆ ಒಟ್ಟಿಗೇ ಉತ್ತರವಾಗಿ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಗಾತ್ರವು ಕರೆಂಟಿನ ಆವರ್ತನಕ್ಕೆ ವಿಲೋಮವಾಗಿರುತ್ತದೆ. ಆವರ್ತನ ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ಕಿರಿದಾದ ತಿರುಳು ಸಾಗಿಸುತ್ತದೆ. ಇನ್ವರ್ಟರಿನಲ್ಲಿ ಲೈನಿನ ಎ.ಸಿ.ಯನ್ನು ಮೊದಲು ಡಿ.ಸಿ. ಮಾಡಿ, ಆ ಡಿ.ಸಿ.ಯನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ, ಅಂಗೈಯಗಲದ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ಮತ್ತೆ ಡಿ.ಸಿ. ಮಾಡಿ ರಾಡಿಗೆ ಕಳಿಸಲಾಗುತ್ತದೆ. ಕತ್ತರಿಸುವ ಕೆಲಸಕ್ಕೆ ಬಹುತೇಕ ಸೆಟ್ಟುಗಳಲ್ಲಿ ಬಳಕೆಯಾಗುವುದು ಐ.ಜಿ.ಬಿ.ಟಿ. ಎಂಬ ಅರೆವಾಹಕ ಸ್ವಿಚ್ಚು. ಅಲ್ಪ ವೋಲ್ಟೇಜಿನ ಸನ್ನೆಗೆ ಭಾರೀ ಕರೆಂಟನ್ನು ಹಾಯಿಸಿ ತಡೆಯಬಲ್ಲ ಈ ಸಾಧನವನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪಿಸಿದವರು ಬಂಟ್ವಾಳ ಜಯಂತ ಬಾಳಿಗ. 1948ರಲ್ಲಿ ಮದರಾಸಿನಲ್ಲಿ ಹುಟ್ಟಿದ ಬಾಳಿಗರು ಬೆಳೆದುದು ಬೆಂಗಳೂರಿನ ಜಾಲಹಳ್ಳಿಯಲ್ಲಿ, ಓದಿದುದು ಅಲ್ಲಿನ ಬಿಷಪ್ ಕಾಟನ್ ಶಾಲೆಯಲ್ಲಿ. ತಂದೆ ವಿಠ್ಠಲ ಬಾಳಿಗರು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಹಿರಿಯ ಆಡಳಿತಗಾರರಾಗಿದ್ದರು. ಫಿನ್ಲೆಂಡಿನ ಮಿಲೆನಿಯಂ ಟೆಕ್ನಾಲಜಿ ಪ್ರಶಸ್ತಿ 2024ರಲ್ಲಿ ಬಾಳಿಗರಿಗೆ ಬಂದಾಗ ಸುದ್ದಿಗಳಲ್ಲಿ ಕಾಣಿಸಿದ್ದು ವಿದ್ಯುತ್ ಕಾರು ಮತ್ತು ಗಾಳಿಯಂತ್ರಗಳ ಹೆಸರು. ಹಳ್ಳಿಯ ವೆಲ್ಡಿಂಗ್ ಪೆಟ್ಟಿಗೆಗೂ ಅಲ್ಲೊಂದು ಸಾಲು ಸಲ್ಲಬೇಕಿತ್ತು.

ಅದೇ 100 ಆಂಪಿಯರಿನ ಬೆಸುಗೆಗೆ ಇನ್ವರ್ಟರು ಎಳೆಯುವುದು ಸುಮಾರು 4 ಕೆ.ವಿ.ಎ., ಹಳೆಯ ಸೆಟ್ಟಿನ ಅರ್ಧ. ಅದೂ 230 ವೋಲ್ಟಿನ ಸಿಂಗಲ್ ಫೇಸಿನಿಂದ, 17 ಆಂಪಿಯರಿನ ಆಸುಪಾಸಿನಲ್ಲಿ. ಚಾಪ ಹೊತ್ತಿಸುವ ಕೈಚಳಕದ ಒಂದಂಶವನ್ನೂ ಅದು ತಾನೇ ವಹಿಸಿಕೊಳ್ಳುತ್ತದೆ. ರಾಡು ತಾಗಿದೊಡನೆ ಕ್ಷಣಕಾಲ ಹೆಚ್ಚಿನ ಕರೆಂಟು ಕೊಟ್ಟು ತುದಿಯನ್ನು ಬೇಗ ಕಾಯಿಸುವುದು ಹಾಟ್ ಸ್ಟಾರ್ಟ್. ಚಾಪ ಅತಿ ಗಿಡ್ಡವಾದಾಗ ಕರೆಂಟು ಏರಿಸಿ ರಾಡು ಅಂಟದಂತೆ ಕಾಯುವುದು ಆರ್ಕ್ ಫೋರ್ಸ್. ರಾಡು ಅಂಟಿಯೇಬಿಟ್ಟರೆ ಕರೆಂಟನ್ನು ಇಳಿಸಿ ಬಿಡಿಸಿಕೊಳ್ಳಲು ಅನುವಾಗಿಸುವುದು ಆ್ಯಂಟಿ ಸ್ಟಿಕ್.

ಆದರೂ ಕೊನೆಯ ಕಂಬದಲ್ಲಿ ಇನ್ವರ್ಟರಿಗೂ ತನ್ನದೇ ದೌರ್ಬಲ್ಯವಿದೆ. ವೋಲ್ಟೇಜು ಕುಸಿದರೆ ಹಳೆಯ ಟ್ರಾನ್ಸ್‌ಫಾರ್ಮರಿನ ಚಾಪ ಬಡಕಲಾಗಿ ಉರಿಯುತ್ತದೆ ಅಷ್ಟೆ. ಇನ್ವರ್ಟರು ಹೊರಗೆ ಕೊಡುವ ಶಕ್ತಿಯನ್ನು ಕಾಯ್ದುಕೊಳ್ಳುವ ಹಟಕ್ಕೆ ಬಿದ್ದು ಲೈನಿನಿಂದ ಇನ್ನಷ್ಟು ಕರೆಂಟು ಎಳೆಯುತ್ತದೆ, ಅದರಿಂದ ವೋಲ್ಟೇಜು ಮತ್ತಷ್ಟು ಕುಸಿಯುತ್ತದೆ, ಕಡೆಗೆ ಫ್ಯೂಸು ಹೋಗುತ್ತದೆ ಅಥವಾ ಯಂತ್ರವೇ ಎಚ್ಚರಿಕೆಯ ದೀಪ ಹೊತ್ತಿಸಿ ನಿಂತುಬಿಡುತ್ತದೆ. ಸಿಡಿಲಿನ ಕಾಲದಲ್ಲಿ ಲೈನಿನೊಳಗೆ ಹೊಕ್ಕ ವೋಲ್ಟೇಜಿನ ಏಟಿಗೆ ಅರೆವಾಹಕಗಳು ಸುಡುವ ಸಂಭವವೂ ಹೆಚ್ಚು, ತಾಮ್ರ ಮತ್ತು ಕಬ್ಬಿಣದ ಹಳೆಯ ಸೆಟ್ಟು ಅದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತಿತ್ತು. ಇಂಥ ಊರಿಗೆ ಯಂತ್ರ ಕೊಳ್ಳುವವರು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ 200, 250 ಎಂಬ ಆಂಪಿಯರ್ ಅಂಕಿಗಿಂತ, ಹಿಂಬದಿಯ ಫಲಕದಲ್ಲಿ ಸಣ್ಣಕ್ಷರದಲ್ಲಿರುವ ಒಳಬರುವ ವೋಲ್ಟೇಜಿನ ಮಿತಿಯನ್ನು ಮೊದಲು ಓದುವುದು ಲೇಸು.

ಪ್ಲಾಸ್ಮಾ ಕಟಿಂಗಿನಲ್ಲಿ ಚಾಪ ಹೊತ್ತಿಸುವ ಸಮಸ್ಯೆ ಇನ್ನೊಂದು ಮಟ್ಟಕ್ಕೆ ಏರುತ್ತದೆ. ಟಂಗ್‌ಸ್ಟನ್ ಕಡ್ಡಿಯ ಚಾಪವನ್ನು ತಾಮ್ರದ ಕಿರಿದಾದ ಮೂತಿಯ ಮೂಲಕ ಹಿಂಡಿ ಹೊರಬಿಟ್ಟರೆ ಅದು ಉದ್ದವೂ ವೇಗವೂ ಆಗಿ, ಲೋಹವನ್ನು ಕರಗಿಸಿ ಊದಿ ತಳ್ಳಬಲ್ಲದೆಂದು ಅಮೆರಿಕದ ರಾಬರ್ಟ್ ಗೇಜ್ 1950ರ ದಶಕದ ನಡುವಿನಲ್ಲಿ ಕಂಡುಕೊಂಡನು. ಪೇಟೆಂಟು ದೊರೆತದ್ದು 1957ರಲ್ಲಿ. ಹಿಂಡಿದ ಚಾಪಕ್ಕೆ 100 ವೋಲ್ಟಿಗೂ ಮಿಕ್ಕಿ ಬೇಕಾಗುವುದರಿಂದ ಕಟಿಂಗ್ ಯಂತ್ರದ ತೆರೆದ ಮಂಡಲದ ವೋಲ್ಟೇಜು 200ರಿಂದ 300ರವರೆಗೂ ಇರುತ್ತದೆ. ಎಲೆಕ್ಟ್ರೋಡು ಮೂತಿಯೊಳಗೆ ಅಡಗಿರುವುದರಿಂದ ಅದನ್ನು ಕಬ್ಬಿಣಕ್ಕೆ ಗೀರುವಂತೆಯೂ ಇಲ್ಲ. ಅದಕ್ಕಾಗಿ ಮೊದಲು ಎಲೆಕ್ಟ್ರೋಡು ಮತ್ತು ಮೂತಿಯ ನಡುವೆಯೇ ಒಂದು ಚಿಕ್ಕ ಚಾಪ ಹೊತ್ತಿಸಿ, ಒಳಗಿನ ಗಾಳಿಯ ಒತ್ತಡದಿಂದ ಅದರ ನಾಲಗೆಯನ್ನು ಹೊರಚಾಚಿಸಲಾಗುತ್ತದೆ. ಆ ನಾಲಗೆ ತಗಡನ್ನು ಸೋಕಿದಾಗ ಮುಖ್ಯ ಕರೆಂಟು ತಗಡಿಗೆ ದಾಟಿಕೊಳ್ಳುತ್ತದೆ, ಮೂತಿಯ ಸಂಪರ್ಕ ಕಡಿದುಹೋಗುತ್ತದೆ. ದಾರಿ ತೋರಿಸಿ ಹಿಂದೆ ಸರಿಯುವ ಈ ಚಿಕ್ಕ ಚಾಪಕ್ಕೆ ಪೈಲಟ್ ಆರ್ಕ್ ಎಂದು ಹೆಸರು.

ಪೈಲಟ್ ಹೊತ್ತಿಸಲು ಎರಡು ಮಾರ್ಗಗಳಿವೆ. ಹಳೆಯದು ಎಚ್.ಎಫ್., ಎಂದರೆ ಅಧಿಕ ಆವರ್ತನದ ಕಿಡಿ: ಸಾವಿರಾರು ವೋಲ್ಟಿನ, ಆದರೆ ಅತ್ಯಲ್ಪ ಶಕ್ತಿಯ, ಅತಿ ವೇಗವಾಗಿ ಕಂಪಿಸುವ ವಿದ್ಯುತ್ತನ್ನು ಮುಖ್ಯ ಕರೆಂಟಿನ ಮೇಲೆ ಹೇರಿ ಗಾಳಿಯನ್ನು ನೇರವಾಗಿ ಮುರಿಯುವುದು. ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲಿಗೆ ಬಳಸುವ ಟಿಗ್ ವೆಲ್ಡಿಂಗಿನಲ್ಲೂ ಟಂಗ್‌ಸ್ಟನ್ ತುದಿ ಕೊಳಕಾಗದಂತೆ ಚಾಪ ಹೊತ್ತಿಸಲು ಇದೇ ವಿಧಾನವಿದೆ. ಇದರ ದೋಷವೆಂದರೆ ಯಂತ್ರವೇ ಒಂದು ಪುಟ್ಟ ರೇಡಿಯೋ ಕೇಂದ್ರವಾಗಿ, ಹತ್ತಿರದ ರೇಡಿಯೋದಲ್ಲಿ ಗೊರಗೊರ ಎಬ್ಬಿಸುವುದಲ್ಲದೆ ಕಂಪ್ಯೂಟರ್ ನಿಯಂತ್ರಿತ ಕಟಿಂಗ್ ಮೇಜುಗಳ ಬುದ್ಧಿಯನ್ನೂ ಕೆಡಿಸುವುದು. ಎರಡನೆಯ ಮಾರ್ಗದಲ್ಲಿ ಸ್ಪ್ರಿಂಗಿನ ಬಲದಿಂದ ಎಲೆಕ್ಟ್ರೋಡು ಮೂತಿಗೆ ತಾಗಿಕೊಂಡೇ ಇರುತ್ತದೆ. ಗುಂಡಿ ಒತ್ತಿದಾಗ ಮೊದಲು ಕರೆಂಟು ಹರಿಯುತ್ತದೆ, ಬೆನ್ನಲ್ಲೇ ಕಂಪ್ರೆಸರಿನ ಗಾಳಿ ಎಲೆಕ್ಟ್ರೋಡನ್ನು ಹಿಂದಕ್ಕೆ ತಳ್ಳುತ್ತದೆ, ಬೇರ್ಪಟ್ಟ ಜಾಗದಲ್ಲಿ ಚಾಪ ಹುಟ್ಟುತ್ತದೆ. ರಾಡನ್ನು ಗೀರಿ ಎತ್ತುವ ಹಳೆಯ ಉಪಾಯವನ್ನು ಇಲ್ಲಿ ಗಾಳಿ ಮಾಡುತ್ತಿದೆ.

ಗಾಳಿಯಲ್ಲಿ ಟಂಗ್‌ಸ್ಟನ್ ಬೇಗನೆ ಉರಿದುಹೋಗುವುದರಿಂದ ತಾಮ್ರದ ಎಲೆಕ್ಟ್ರೋಡಿನ ತುದಿಯಲ್ಲಿ ಹ್ಯಾಫ್ನಿಯಂ ಎಂಬ ಲೋಹದ ಚುಕ್ಕೆಯಷ್ಟು ತುಂಡನ್ನು ಹುದುಗಿಸಿರುತ್ತಾರೆ. ಹ್ಯಾಫ್ನಿಯಂ ನಿಸರ್ಗದಲ್ಲಿ ಜಿರ್ಕೋನಿಯಂನೊಡನೆ ಬೆರೆತೇ ಸಿಗುತ್ತದೆ, ನ್ಯೂಟ್ರಾನುಗಳನ್ನು ಹೀರುವ ಗುಣದಿಂದಾಗಿ ಅಣುಸ್ಥಾವರಗಳ ಇಂಧನ ಕೊಳವೆಗಳಲ್ಲಿ ಬೇಡವಾದದ್ದು. ಉತ್ತರ ಕನ್ನಡದ್ದೇ ಆದ ಕೈಗಾ ಸ್ಥಾವರದ ಇಂಧನ ಕೊಳವೆಗಳಿಗೆ ಹ್ಯಾಫ್ನಿಯಂ ಬೇರ್ಪಡಿಸಿದ ಜಿರ್ಕೋನಿಯಂ ಬೇಕಾದರೆ, ಪ್ಲಾಸ್ಮಾ ಟಾರ್ಚಿಗೆ ಹಾಗೆ ಬೇರ್ಪಟ್ಟು ಹೊರಬಿದ್ದ ಹ್ಯಾಫ್ನಿಯಂ ಬೇಕು. ಪ್ರತಿ ಬಾರಿ ಚಾಪ ಹೊತ್ತಿದಾಗಲೂ ಆರಿದಾಗಲೂ ಆ ಚುಕ್ಕೆ ಒಂದಿಷ್ಟು ಸವೆಯುತ್ತದೆ. ಗುಳಿ ಸುಮಾರು 1 ಮಿಲಿಮೀಟರ್ ಆಳವಾದಾಗ ಎಲೆಕ್ಟ್ರೋಡನ್ನು ಬದಲಿಸಬೇಕು. ಮಲೆನಾಡಿನ ಮಳೆಗಾಲದ ಗಾಳಿಯನ್ನು ಕಂಪ್ರೆಸರು ಹಿಂಡಿದಾಗ ಟ್ಯಾಂಕಿಯಲ್ಲಿ ನೀರು ಇಳಿಯುತ್ತದೆ, ಆ ತೇವ ಟಾರ್ಚಿನವರೆಗೆ ಹೋದರೆ ಪೈಲಟ್ ಸರಿಯಾಗಿ ಹಿಡಿಯದು, ಮೂತಿಯೂ ಬೇಗ ಹಾಳು. ಟ್ಯಾಂಕಿಯ ಅಡಿಯ ನಲ್ಲಿಯನ್ನು ದಿನವೂ ಬಿಚ್ಚಿ ನೀರು ಬಸಿಯುವುದು, ತೇವ ಸೋಸುವ ಬಟ್ಟಲನ್ನು ಜೋಡಿಸುವುದು ಇಲ್ಲಿ ಬಿಡಲಾಗದ ಕ್ರಮ.

ತೆಳುವಾದ ಪೈಪು ಮತ್ತು ಆ್ಯಂಗಲ್ ಕಡಿಯಲು ಗ್ರೈಂಡರೇ ಸಾಕಾಗುವುದರಿಂದ, ದಪ್ಪ ಕಬ್ಬಿಣಕ್ಕೆ ಗ್ಯಾಸ್ ಕಟಿಂಗ್ ಅಗ್ಗವಾಗುವುದರಿಂದ, ತೋಟದ ಮನೆಯ ಕೆಲಸಕ್ಕೆ ಪ್ಲಾಸ್ಮಾ ಅನಿವಾರ್ಯವೆನ್ನಲಾಗದು. ಅದರ ಸಾರ್ಥಕತೆ ಇರುವುದು ಗ್ಯಾಸಿಗೆ ಬಗ್ಗದ ಸ್ಟೇನ್‌ಲೆಸ್ ಸ್ಟೀಲನ್ನು, ಚಿತ್ತಾರದ ತಗಡನ್ನು ಕತ್ತರಿಸುವ ಪೇಟೆಯ ವರ್ಕ್‌ಶಾಪಿನಲ್ಲಿ. ಕಂಪ್ರೆಸರಿನ ಮೋಟಾರು ಹೊರಡುವಾಗ ಎಳೆಯುವ ಹಲವು ಪಟ್ಟು ಕರೆಂಟನ್ನೂ ಕೊನೆಯ ಕಂಬ ತಾಳಿಕೊಳ್ಳುವುದು ಕಷ್ಟ.

ವೆಲ್ಡಿಂಗಿನ ಮಟ್ಟಿಗೆ ಮಾತ್ರ ತಂತಿಯ ಲೆಕ್ಕವೊಂದು ಗೊತ್ತಿದ್ದರೆ ದೂರದ ಕೆಲಸವೂ ಸುಸೂತ್ರ. ಮೀಟರಿನಿಂದ ಕೆಲಸದ ಜಾಗ 50 ಮೀಟರ್ ದೂರವಿದ್ದು, ಸೆಟ್ಟನ್ನು ಮನೆಯಲ್ಲೇ ಇಟ್ಟು 25 ಚದರ ಮಿಲಿಮೀಟರಿನ ವೆಲ್ಡಿಂಗ್ ಕೇಬಲನ್ನೂ ಅರ್ಥ್ ಕೇಬಲನ್ನೂ ಎಳೆದರೆ, 100 ಆಂಪಿಯರಿನಲ್ಲಿ ಸುಮಾರು 8 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಚಾಪದ 24 ವೋಲ್ಟಿನ ಮುಂದೆ ಅದು ಮೂರರಲ್ಲೊಂದು ಪಾಲು. ಅದರ ಬದಲು ಹಗುರಾದ ಇನ್ವರ್ಟರನ್ನೇ ಕೆಲಸದ ಬಳಿಗೆ ಹೊತ್ತೊಯ್ದು, ಮನೆಯಿಂದ ಅಲ್ಲಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ ನಷ್ಟವಾಗುವುದು 230ರಲ್ಲಿ 13 ವೋಲ್ಟ್. 4 ಚದರ ಮಿಲಿಮೀಟರಿನ ವೈರಾದರೆ 8 ವೋಲ್ಟಿನಷ್ಟು ಮಾತ್ರ. ವೈರನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿ ಹರಡಬೇಕು, ಸುರುಳಿಯಲ್ಲಿದ್ದರೆ ಕಾದು ಅದರ ಹೊದಿಕೆ ಕರಗುತ್ತದೆ.