ಪಟಾಕಿ ಸದ್ದಿಗೆ ನಡುಗುವ ನಾಯಿ

ಪ್ರಶ್ನೆ: ನಾವಿರುವುದು ಶಾರ್ಲಟ್‌ನಲ್ಲಿ. ಜುಲೈ 4ರ ಪಟಾಕಿಗೆ ನಮ್ಮ ನಾಯಿ ಬಾತ್‌ರೂಮ್ ಮೂಲೆ ಸೇರಿ ನಡುಗುತ್ತದೆ. ಮುದ್ದಿಸಿದರೆ ಭಯ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಪಕ್ಕದಲ್ಲಿ ಕುಳಿತು ಧಾರಾಳವಾಗಿ ಬೆನ್ನು ಸವರಿ. ಮುದ್ದಿನ ಆಸೆಗೆ ಯಾವ ನಾಯಿಯೂ ನಡುಗುವುದಿಲ್ಲ. ಗದರುವುದು, ಅಡಗಿದಲ್ಲಿಂದ ಎಳೆದು ತರುವುದು ಮಾತ್ರ ಬೇಡವೇ ಬೇಡ.

ನಾರ್ತ್ ಕ್ಯಾರೊಲಿನಾದಲ್ಲಿ ಆಕಾಶಕ್ಕೆ ಹಾರುವ ಪಟಾಕಿಗೆ ಪರವಾನಗಿ ಬೇಕು. ಆದರೆ ಶಾರ್ಲಟ್‌ನಿಂದ ಗಡಿ ದಾಟಿದರೆ ಸಾಕು, ಸೌತ್ ಕ್ಯಾರೊಲಿನಾದ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಜೊತೆಗೆ ಬೇಸಿಗೆಯ ಗುಡುಗು. ಹಾಗಾಗಿ ಸಿದ್ಧತೆ ವಾರಗಳ ಮೊದಲೇ ಶುರುವಾಗಲಿ. ಪಟಾಕಿಯ ರೆಕಾರ್ಡಿಂಗನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಸದ್ದಿನ ಬೆನ್ನಿಗೇ ಚಿಕನ್ ತುಂಡು ಕೊಡಿ. ನಾಯಿ ತುಟಿ ನೆಕ್ಕಿಕೊಂಡರೆ, ಕಿವಿ ಹಿಂದಕ್ಕೆ ಮಡಚಿದರೆ, ತಿನ್ನಲು ಒಲ್ಲೆ ಎಂದರೆ ಸದ್ದು ಜಾಸ್ತಿಯಾಯಿತೆಂದೇ ಅರ್ಥ; ತಗ್ಗಿಸಿ.

ಭಯ ತೀವ್ರವಾಗಿದ್ದರೆ ಔಷಧಿಗೆ ಹಿಂಜರಿಯಬೇಡಿ, ಅದು ಸೋಲಲ್ಲ. ಡೆಕ್ಸ್‌ಮೆಡಿಟೊಮಿಡಿನ್ ಜೆಲ್ ಸದ್ದಿನ ಭಯಕ್ಕೆಂದೇ ಅಮೆರಿಕದಲ್ಲಿ ಅನುಮತಿ ಪಡೆದದ್ದು. ಅದನ್ನು ನುಂಗಿಸಬಾರದು, ಕೆನ್ನೆ ಮತ್ತು ವಸಡಿನ ನಡುವೆ ಹಚ್ಚಬೇಕು, ಕೈಗೆ ಗ್ಲೌಸ್ ಇರಬೇಕು. ಒಂಟಿಯಾಗಿ ಬಿಟ್ಟಾಗಿನ ತಳಮಳ ಬೇರೆಯೇ ಸಮಸ್ಯೆ. ಅದಕ್ಕೆ ಕ್ಲೊಮಿಪ್ರಮಿನ್ 1998ರಿಂದಲೂ ಇದೆ, ತರಬೇತಿಯ ಜೊತೆಗೆ. ಸದ್ದಿನ ಭಯಕ್ಕೆ ಹಳೆಯ ಮಂಪರು ಔಷಧಿ ಅಸೆಪ್ರೊಮಜಿನ್ ಒಂದನ್ನೇ ಕೊಟ್ಟರೆ ಮೈ ಮಂಕಾಗುತ್ತದೆ, ಒಳಗಿನ ಭಯ ಹಾಗೇ ಉಳಿಯುತ್ತದೆ. ನನಗಂತೂ ಅದು ಕ್ರೌರ್ಯವೆನಿಸುತ್ತದೆ.

ಮನುಷ್ಯರ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ಜೂನ್ ಆರಂಭದಲ್ಲೇ ಪಶುವೈದ್ಯರನ್ನು ಕಾಣಿ. ಪ್ರಾಯೋಗಿಕವಾಗಿ ಒಂದು ಡೋಸ್ ಕೊಟ್ಟು ನೋಡಲು ಸಮಯ ಸಿಗುತ್ತದೆ.