ಎದೆಯಲ್ಲೊಂದು ಗಂಟು: ಸೋಂಕೋ, ಗಡ್ಡೆಯೋ?

ಮುಖ ದುಂಡಗೆ ಊದಿಕೊಳ್ಳುತ್ತದೆ, ಹೊಟ್ಟೆಯ ಮೇಲೆ ನೇರಳೆ ಗೆರೆಗಳೇಳುತ್ತವೆ, ಬಿಪಿ, ಸಕ್ಕರೆ ಎರಡೂ ಏರುತ್ತವೆ. ಕಾರ್ಟಿಸೋಲ್ ಹಾರ್ಮೋನು ಮಿತಿಮೀರಿದಾಗ ಬರುವ ಈ ಕಾಯಿಲೆಗೆ, 1912ರಲ್ಲಿ ಅದನ್ನು ವಿವರಿಸಿದ ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಅವರದೇ ಹೆಸರು. ಬಹುಪಾಲು ರೋಗಿಗಳಿಗೆ ಇದು ಬರುವುದು ಸ್ಟೀರಾಯ್ಡ್ ಔಷಧಿಗಳಿಂದ. ಉಳಿದವರಲ್ಲಿ ಹೆಚ್ಚಾಗಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಾರಣ. ಕೆಲವರಲ್ಲಿ ಮಾತ್ರ ಶ್ವಾಸಕೋಶದ ಪುಟ್ಟ ಕಾರ್ಸಿನಾಯ್ಡ್ ಗಡ್ಡೆಯೊಂದು ಎಸಿಟಿಎಚ್ ಎಂಬ ಹಾರ್ಮೋನು ಸ್ರವಿಸಿ, ಕಾರ್ಟಿಸೋಲ್ ತಯಾರಿಸುವ ಅಡ್ರಿನಲ್ ಗ್ರಂಥಿಗಳನ್ನು ಕೆರಳಿಸುತ್ತದೆ.

ಅಂಥ ಗಡ್ಡೆಯನ್ನು ಹುಡುಕುತ್ತ ಎದೆಯ ಸಿಟಿ ಸ್ಕ್ಯಾನ್ ಮಾಡಿದಾಗ ಗಂಟು ಕಂಡರೆ, ಕಳ್ಳ ಸಿಕ್ಕಿಬಿದ್ದ ಎನ್ನಿಸುವುದು ಸಹಜ. ಅವಸರ ಸಲ್ಲದು. ಕಾರ್ಟಿಸೋಲ್ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸಿರುತ್ತದೆ. ಕ್ಷಯ, ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ, ಆಸ್ಪರ್ಜಿಲಸ್, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರಗಳು, ಇವುಗಳಲ್ಲಿ ಯಾವುದಾದರೂ ಅಲ್ಲಿ ಬೇರೂರಿರಬಹುದು. ಜ್ವರವನ್ನೂ ಅದೇ ಹಾರ್ಮೋನು ಅಡಗಿಸುವುದರಿಂದ ಸೋಂಕು ಸದ್ದಿಲ್ಲದೆ ಬೆಳೆಯುತ್ತದೆ. ಗಡ್ಡೆ, ಸೋಂಕು ಎರಡೂ ಒಟ್ಟಿಗೇ ಇರುವುದುಂಟು.

ಪೆಟ್ ಸ್ಕ್ಯಾನ್ ಈ ಒಗಟನ್ನು ಬಿಡಿಸೀತೇ? ಸಕ್ಕರೆ ಆಧಾರಿತ ಮಾಮೂಲಿ ಪೆಟ್‌ನಲ್ಲಿ ಕ್ಯಾನ್ಸರೂ ಹೊಳೆಯುತ್ತದೆ, ಸೋಂಕೂ ಹೊಳೆಯುತ್ತದೆ. ನಿಧಾನವಾಗಿ ಬೆಳೆಯುವ ಕಾರ್ಸಿನಾಯ್ಡ್ ಕೆಲವೊಮ್ಮೆ ಮಂಕಾಗಿಯೇ ಇರುತ್ತದೆ. ಗ್ಯಾಲಿಯಂ ಡೋಟಾಟೇಟ್ ಪೆಟ್ ಇಂಥ ಗಡ್ಡೆಗಳಿಗೆ ಹೆಚ್ಚು ನಂಬಿಕಸ್ತ, ಆದರೆ ಉರಿಯೂತದ ಜಾಗಗಳೂ ಅದರಲ್ಲಿ ಮೂಡಬಲ್ಲವು. ಚಿತ್ರವನ್ನಷ್ಟೇ ನೆಚ್ಚಿ ಎದೆ ಕೊಯ್ಯುವುದು ನನ್ನ ಪ್ರಕಾರ ಜೂಜು.

ತೀರ್ಪು ಸಿಗುವುದು ಕಫ, ಶ್ವಾಸಕೋಶ ತೊಳೆದ ದ್ರವ, ಬಯಾಪ್ಸಿಗಳಲ್ಲಿ. ಅಲ್ಲೂ ಒಂದು ಬಲೆಯಿದೆ. ನೊಕಾರ್ಡಿಯಾ ಕ್ಷಯದ ಬಣ್ಣಪರೀಕ್ಷೆಯಲ್ಲಿ ಅರೆಬರೆ ಬಣ್ಣ ಹಿಡಿಯುತ್ತದೆ. ಕ್ಷಯ ಹೆಚ್ಚಿರುವ ನಮ್ಮಲ್ಲಿ ಅದನ್ನೇ ಟಿಬಿ ಎಂದುಕೊಂಡು ಮಾತ್ರೆ ಶುರುಮಾಡುವ ಅಪಾಯವಿದೆ. ನೊಕಾರ್ಡಿಯಾದ ಮದ್ದು ಬೇರೆ: ಮುಖ್ಯವಾಗಿ ಕೋಟ್ರೈಮಾಕ್ಸಜೋಲ್, ಅದೂ ತಿಂಗಳುಗಟ್ಟಲೆ. ಕಲ್ಚರ್‌ನಲ್ಲಿ ಇದು ನಿಧಾನಕ್ಕೆ ಬೆಳೆಯುವುದರಿಂದ, ಅನುಮಾನವಿದ್ದರೆ ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿರಬೇಕು.

ಕಾರ್ಟಿಸೋಲ್ ತಗ್ಗಿಸುವ ಔಷಧಿ ಕೊಟ್ಟೊಡನೆ ಅಡಗಿದ್ದ ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಭುಗಿಲೇಳುವುದೂ ಇದೆ. ಹಾಗಾಗಿ ಕಾರ್ಟಿಸೋಲ್ ವಿಪರೀತ ಏರಿದವರಿಗೆ ಮುಂಜಾಗ್ರತೆಯ ಮಾತ್ರೆಯನ್ನೂ ಕೊಡುತ್ತಾರೆ.

ದೀರ್ಘಕಾಲ ಸ್ಟೀರಾಯ್ಡ್ ನುಂಗುತ್ತಿರುವವರ ಎದೆಯಲ್ಲಿ ಗಂಟು ಕಂಡರೂ ಇದೇ ಅನುಮಾನ ಇರಲಿ. ಮಾತ್ರೆಯನ್ನು ಮಾತ್ರ ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ಬಯಾಪ್ಸಿಗೆ ಒಪ್ಪುವ ಮುನ್ನ, ತುಣುಕಿನ ಒಂದು ಪಾಲು ಕಲ್ಚರ್‌ಗೂ ಹೋಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಪೂರ್ತಿ ತುಣುಕನ್ನು ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಆಮೇಲೆ ಅದರಿಂದ ಯಾವ ರೋಗಾಣುವನ್ನೂ ಬೆಳೆಸಿ ನೋಡಲಾಗದು.